ಗುಜರಾತಿ ರಸ್ತೆಯ ಜಿನಾಲಯ

ವಿಹಾರನೌಕೆಯ ಪ್ರಯಾಣಿಕನಿಗೆ ಕೊಚ್ಚಿ ದೊರೆಯುವುದು ಕೆಲವೇ ಗಂಟೆಗಳ ಮಟ್ಟಿಗೆ. ಹಡಗು ತಂಗುವ ವಿಲ್ಲಿಂಗ್ಡನ್ ದ್ವೀಪವು ಕಳೆದ ಶತಮಾನದಲ್ಲಿ ಬಂದರಿನ ಹೂಳೆತ್ತಿದ ಮಣ್ಣಿನಿಂದ ನಿರ್ಮಾಣವಾದ ನೆಲ. ಹಳೆಯ ಪಟ್ಟಣವಿರುವುದು ಸೇತುವೆಯಾಚೆ. ಮಟ್ಟಾಂಚೇರಿಯ ಕಿರುಬೀದಿಗಳಿಗೆ ಆಟೋರಿಕ್ಷಾವೇ ತಕ್ಕ ವಾಹನ.

ಆಟೋದವರಲ್ಲಿ ನೋಡುವ ತಾಣಗಳ ಪಟ್ಟಿ ಸಿದ್ಧವಾಗಿರುತ್ತದೆ: ಚೀನೀ ಬಲೆಗಳು, 1524ರಲ್ಲಿ ತೀರಿಕೊಂಡ ವಾಸ್ಕೋ ಡ ಗಾಮನನ್ನು ಮೊದಲು ಹೂಳಿದ್ದ ಸಂತ ಫ್ರಾನ್ಸಿಸ್ ಇಗರ್ಜಿ, ಪೋರ್ಚುಗೀಸರು ಕಟ್ಟಿಸಿದರೂ ಡಚ್ಚರ ಹೆಸರು ಹೊತ್ತ ಅರಮನೆ, 1568ರ ಯೆಹೂದ್ಯ ಸಿನಗಾಗ್. ಎಲ್ಲವೂ ನೋಡತಕ್ಕವೇ. ಆದರೆ ಇವಿಷ್ಟನ್ನೇ ನೋಡಿ ಮರಳಿದವನಿಗೆ, ಬಂದರಿನ ಚರಿತ್ರೆಯೆಂದರೆ ಕಡಲಾಚೆಯವರ ಚರಿತ್ರೆಯೆಂದೇ ತೋರೀತು.

ಮೊದಲು ಗುಜರಾತಿ ರಸ್ತೆಗೆ ಹೋಗೋಣವೆಂದೆ. “ಪಾರಿವಾಳಗಳಿಗೆ ಕಾಳು ಹಾಕಲು ಇನ್ನೂ ಹೊತ್ತಿದೆ ಸಾರ್” ಎಂದ ಚಾಲಕ. ಅಲ್ಲಿಯ ಧರ್ಮನಾಥ ಜಿನಾಲಯ ಪ್ರವಾಸಿಗರ ಪಾಲಿಗೆ ಪಾರಿವಾಳಗಳ ಅಂಗಳವಷ್ಟೆ! ಹದಿನೈದನೆಯ ತೀರ್ಥಂಕರನ ಈ ಶ್ವೇತಾಂಬರ ಮಂದಿರ 1904ರದು. ತುಳುನಾಡಿನ ಇಳಿಮಾಡಿನ ದಿಗಂಬರ ಬಸದಿಗಳಿಗೆ ಒಗ್ಗಿದ ಕಣ್ಣಿಗೆ ಇದರ ಶಿಖರಗಳು ದೂರದವೆನಿಸುತ್ತವೆ. ಆ ದೂರವೇ ಇಲ್ಲಿ ಸಾಕ್ಷ್ಯ. ಮೆಣಸು, ಶುಂಠಿ, ಏಲಕ್ಕಿಗಳ ವ್ಯಾಪಾರವನ್ನರಸಿ ಕಛ್, ಸೌರಾಷ್ಟ್ರಗಳಿಂದ ಇದೇ ಕರಾವಳಿಗುಂಟ ಬಂದ ವರ್ತಕರು ತಮ್ಮ ನಾಡಿನ ವಾಸ್ತುವನ್ನೂ ಜತೆಗೆ ತಂದರು. ಸಮೀಪದಲ್ಲೇ ಗೋವೆಯಿಂದ ವಲಸೆ ಬಂದ ಕೊಂಕಣಿಗರ ತಿರುಮಲ ದೇವಸ್ವವಿದೆ. ಎರಡನ್ನೂ ಸೇರಿಸಿ ನೋಡಿದಾಗ ಕೊಚ್ಚಿಯು ಲಿಸ್ಬನ್ನಿಗಿಂತ ಮಾಂಡವಿಗೆ, ಗೋವೆಗೆ, ನಮ್ಮ ಮಂಗಳೂರಿಗೆ ಹತ್ತಿರದ ಊರು.

ಜಿನಾಲಯದಲ್ಲಿ ಒಂದು ಗಂಟೆ ಕಳೆಯಿತು. ಅರಮನೆಯನ್ನು ಹೊರಗಿನಿಂದಲೇ ನೋಡಿದೆವು. ಸಿನಗಾಗಿಗೆ ಉಳಿದದ್ದು ಇಪ್ಪತ್ತು ನಿಮಿಷ.