ನಾನೂ ಗಣಕಯಂತ್ರ ಕಲಿತೆ

“ಬಿ.ಎ. ಓದುವವನಿಗೆ ಗಣಕಯಂತ್ರ ಏತಕ್ಕೆ?” ಎಂದು ಕೇಳುವವರು ನಮ್ಮ ಯಲಹಂಕದಲ್ಲಿ ಇನ್ನೂ ಇದ್ದಾರೆ. ಹೀಗೆ ಕೇಳುವವರಲ್ಲಿ ಎರಡು ಬಗೆ. ಮೊದಲನೆಯವರು ಇಂಜಿನಿಯರಿಂಗ್ ಓದುವ ಮಕ್ಕಳನ್ನು ಪಡೆದ ಭಾಗ್ಯಶಾಲಿಗಳು. ಅವರ ಪ್ರಶ್ನೆಯಲ್ಲಿ ಕನಿಕರವಿರುತ್ತದೆ. ಎರಡನೆಯವರು ನನ್ನಂತೆಯೇ ಚರಿತ್ರೆ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ಓದುತ್ತಿರುವ ಮಿತ್ರರು. ಅವರ ಪ್ರಶ್ನೆಯಲ್ಲಿ ‘ಇವನೊಬ್ಬ ನಮ್ಮನ್ನು ಬಿಟ್ಟು ಮುಂದೆ ಹೋದಾನು’ ಎಂಬ ಸಣ್ಣ ಅನುಮಾನವಿರುತ್ತದೆ. ಇಬ್ಬರಿಗೂ ಸೇರಿಸಿ ಒಂದೇ ಉತ್ತರ ಕೊಡೋಣವೆಂದು ಈ ಲೇಖನಕ್ಕೆ ಕೈ ಹಾಕಿದ್ದೇನೆ. ಉದ್ದವಾಯಿತೆನಿಸಿದರೆ ಸಂಪಾದಕ ಮಂಡಲಿಯವರು ಧಾರಾಳವಾಗಿ ಕತ್ತರಿಸಬಹುದು.

2023ರಲ್ಲಿ ನಾವು ಈ ಕಾಲೇಜಿಗೆ ಸೇರಿದಾಗ ಕಲಾ ವಿಭಾಗದವರಿಗೂ ಗಣಕಕ್ಕೆ ಸಂಬಂಧಿಸಿದ ಒಂದು ಪತ್ರಿಕೆ ಕಡ್ಡಾಯವಾಗಿತ್ತು. ಕೃತಕ ಬುದ್ಧಿಮತ್ತೆ ಎಂದರೇನು, ಅದರ ಉಪಯೋಗಗಳಾವುವು ಎಂಬುದನ್ನೆಲ್ಲ ಬಾಯಿಪಾಠ ಮಾಡಿ, ಬರೆದು, ತೇರ್ಗಡೆಯಾದೆವು. ಆ ಹೊತ್ತಿಗೆ ನಮ್ಮಲ್ಲಿ ಅನೇಕರು ಕೀಲಿಮಣೆಯ ಮೇಲೆ ಬೆರಳಿಟ್ಟವರಲ್ಲ. ಜೇಬಿನಲ್ಲಿ ಮೊಬೈಲು ಇತ್ತು, ನಿಜ; ಆದರೆ ಅದರಲ್ಲಿ ನಾವು ಮಾಡುತ್ತಿದ್ದುದು ನೋಡುವುದು, ಮೇಲಕ್ಕೆ ತಳ್ಳುವುದು, ಮತ್ತೆ ನೋಡುವುದು. ಈಜಿನ ವ್ಯಾಖ್ಯಾನ ಬರೆದು ಕೆರೆ ದಾಟಿದವರು ನಾವು.

ನಮ್ಮ ಮನೆಯ ಮಟ್ಟಿಗೆ ಹೇಳುವುದಾದರೆ, ಗಣಕಯಂತ್ರವನ್ನು ಮೊದಲು ಮುಟ್ಟಿದವರು ನಮ್ಮ ತಾಯಿ. ಹೆಬ್ಬಾಳದಾಚೆ ನಾಗವಾರದ ಕಡೆಯ ಒಂದು ದೊಡ್ಡ ಕಚೇರಿಯಲ್ಲಿ ಅವರಿಗೆ ಸ್ವಚ್ಛತೆಯ ಕೆಲಸ. ಬೆಳಿಗ್ಗೆ ಜನ ಬರುವ ಮೊದಲೇ ನೂರಾರು ಯಂತ್ರಗಳ ಧೂಳನ್ನು ಬಟ್ಟೆಯಿಂದ ಒರೆಸುತ್ತಾರೆ. ನಾನು ತರಗತಿಗೆ ಸೇರುತ್ತೇನೆಂದಾಗ ಅವರು ಕೊಟ್ಟ ಬುದ್ಧಿಮಾತು ಒಂದೇ: “ಹಿಂದ್ಗಡೆ ವೈರು ಎಳೀಬ್ಯಾಡ ಕಣಪ್ಪ, ಬಯ್ತಾರೆ.”

ಎರಡನೆಯ ವರ್ಷದ ರಜೆಯಲ್ಲಿ ಯಲಹಂಕ ಉಪನಗರದ ಒಂದು ತರಬೇತಿ ಕೇಂದ್ರಕ್ಕೆ ಸಂಜೆಯ ತರಗತಿಗೆ ಸೇರಿದೆ. ಆರು ತಿಂಗಳ ಪಾಠ. ಹನ್ನೆರಡು ಯಂತ್ರಗಳು, ಅವುಗಳಲ್ಲಿ ಎರಡು ಸದಾ ಅಸ್ವಸ್ಥ. ತರಗತಿಯಲ್ಲಿ ನನ್ನ ಪಕ್ಕ ಐ.ಟಿ.ಐ. ಮುಗಿಸಿದ ಹುಡುಗನೊಬ್ಬ, ಅವನಾಚೆ ಸರ್ಕಾರಿ ಕಚೇರಿಯ ಗುಮಾಸ್ತರೊಬ್ಬರು. ರಾಜ್ಯ ಸರ್ಕಾರಿ ನೌಕರರಿಗೆ ಗಣಕ ಸಾಕ್ಷರತಾ ಪರೀಕ್ಷೆಯ ನಿಯಮಗಳು 2012ರಲ್ಲಿ ಬಂದವಷ್ಟೆ. ಆ ಪರೀಕ್ಷೆಯನ್ನು ಇನ್ನೂ ದಾಟಬೇಕಾಗಿದ್ದ ಇವರು ಐವತ್ತರ ವಯಸ್ಸಿನಲ್ಲಿ ನಮ್ಮೊಡನೆ ಬೆಂಚಿನಲ್ಲಿ ಕುಳಿತು ಮೌಸನ್ನು ಕೋಳಿಮರಿಯಂತೆ ಮೆಲ್ಲನೆ ಹಿಡಿಯುತ್ತಿದ್ದರು. ಅವರನ್ನು ಕಂಡು ನನಗೆ ಧೈರ್ಯ ಬಂದಿತೆಂದರೆ ಅವರು ತಪ್ಪು ತಿಳಿಯಲಾರರು.

ನಮ್ಮ ಮೇಡಂ ಮೊದಲ ದಿನ ತಂದದ್ದು ಅಂಚು ಸವೆದ ಒಂದು ಪುಸ್ತಕ: ಪ್ರೊ. ವಿ. ರಾಜಾರಾಮನ್ನರ ‘ಫಂಡಮೆಂಟಲ್ಸ್ ಆಫ್ ಕಂಪ್ಯೂಟರ್ಸ್’. ಕಾನ್ಪುರದ ಐ.ಐ.ಟಿ.ಯಲ್ಲಿ 1965ರಲ್ಲಿ ಗಣಕವಿಜ್ಞಾನದ ಪಾಠಕ್ರಮವನ್ನು ಆರಂಭಿಸಿದವರಲ್ಲಿ ಮುಖ್ಯರು ಅವರು. 1982ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಇಂಜಿನಿಯರಲ್ಲದ ಪದವೀಧರರಿಗೂ ಎಂ.ಸಿ.ಎ. ಎಂಬ ದಾರಿ ತೆರೆದದ್ದು ಅವರ ಅಧ್ಯಕ್ಷತೆಯ ಸಮಿತಿಯ ಸಲಹೆಯಿಂದ. ಹಾಗಿರುವಲ್ಲಿ, ಗಣಕ ಯಾರ ಪಿತ್ರಾರ್ಜಿತ ಎಂಬ ಪ್ರಶ್ನೆಯನ್ನು ದೊಡ್ಡವರು ಎಂದೋ ತೀರಿಸಿಬಿಟ್ಟಿದ್ದಾರೆ. ನಮ್ಮ ಕಿವಿಗೆ ಬೀಳುವುದು ತಡವಾಯಿತು, ಅಷ್ಟೆ.

ಆ ಸಂಸ್ಥೆಗೂ ಯಶವಂತಪುರದ ಮಾರುಕಟ್ಟೆ ಯಾರ್ಡಿಗೂ ಹೆಚ್ಚು ದೂರವಿಲ್ಲ. ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿಸಿದ ‘ಪರಮ್ ಪ್ರವೇಗ’ ಎಂಬ ಮಹಾಗಣಕ ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕ ಮಾಡಬಲ್ಲುದಂತೆ. ಯಾರ್ಡಿನಲ್ಲಿ ನಮ್ಮ ತಂದೆಯವರು ಈರುಳ್ಳಿ ಮೂಟೆ ಇಳಿಸುತ್ತಾರೆ. ಅವರ ಲೆಕ್ಕ ಒಂದು ಸಣ್ಣ ಪುಸ್ತಕದಲ್ಲಿ ಪೆನ್ಸಿಲ್ ಗೀಟುಗಳಲ್ಲಿದೆ. ನಾಲ್ಕು ನೆಟ್ಟಗೀಟು, ಮೇಲೊಂದು ಅಡ್ಡಗೀಟು, ಅದು ಐದು. ಈ ಪುಸ್ತಕದ ವಿಚಾರಕ್ಕೆ ಮುಂದೆ ಬರುತ್ತೇನೆ. ಅದಕ್ಕೆ ಮೊದಲು ಕನ್ನಡದ ಮಾತು.

ನನಗೆ ಗಣಕಯಂತ್ರದಲ್ಲಿ ಪ್ರೀತಿ ಹುಟ್ಟಿದ್ದು ಕನ್ನಡದ ಬೆರಳಚ್ಚಿನ ದಿನ. ಕೀಲಿಮಣೆಯಲ್ಲಿ ಇರುವುದು ಇಪ್ಪತ್ತಾರು ಇಂಗ್ಲಿಷ್ ಅಕ್ಷರ. ನಮ್ಮದೋ ಐವತ್ತಕ್ಕೆ ಸಮೀಪದ ವರ್ಣಮಾಲೆ, ಅದರ ಮೇಲೆ ಕಾಗುಣಿತ, ಒತ್ತಕ್ಷರ. ಇವೆಲ್ಲ ಎಲ್ಲಿ ಕುಳಿತಾವು? ಮಂಗಳೂರಿನ ಸಮೀಪದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಇದಕ್ಕೆ ಕಂಡುಕೊಂಡ ಉಪಾಯ ಎಷ್ಟು ಸರಳವೆಂದರೆ, ನಮಗೇ ಹೊಳೆಯಬೇಕಿತ್ತಲ್ಲ ಎನ್ನಿಸುತ್ತದೆ. ‘ಕೆ’ ಒತ್ತಿದರೆ ಕ. ಶಿಫ್ಟ್ ಹಿಡಿದು ಒತ್ತಿದರೆ ಅದರ ಮಹಾಪ್ರಾಣ ಖ. ಸ್ವರದ ಕೀಲಿ ಒಂಟಿಯಾಗಿ ಬಿದ್ದರೆ ಸ್ವರ, ವ್ಯಂಜನದ ಬೆನ್ನಿಗೆ ಬಿದ್ದರೆ ಗುಣಿತ. ‘ಎಫ್’ ಎಂಬ ಕೀಲಿ ಅಕ್ಷರಗಳನ್ನು ಕೂಡಿಸುವ ಕೊಂಡಿ. ಕೆ, ಎಫ್, ಎಕ್ಸ್ ಎಂದು ಮೂರು ಬಾರಿ ಒತ್ತಿದರೆ ಕ್ಷ ಸಿದ್ಧ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಬಳಸುವುದು ಈ ವಿನ್ಯಾಸವನ್ನೇ. ರಾಯರು ತಮ್ಮದೊಂದು ತಂತ್ರಾಂಶಕ್ಕೆ ‘ಸೇಡಿಯಾಪು’ ಎಂದು ಹೆಸರಿಟ್ಟಿದ್ದರು. ಛಂದಸ್ಸಿನ ಪಾಠದಲ್ಲಿ ನಮ್ಮನ್ನು ಬೆವರಿಳಿಸಿದ ಪಂಡಿತ ಸೇಡಿಯಾಪು ಕೃಷ್ಣಭಟ್ಟರೇ ಅವರು! ಐಚ್ಛಿಕ ಕನ್ನಡದವನಿಗೆ ಗಣಕದೊಳಗೆ ನೆಂಟರು ಸಿಕ್ಕಂತಾಯಿತು.

ಅರ್ಕಾವತ್ತಿನ ಸಂಗತಿ ಇನ್ನೂ ಸೊಗಸು. ‘ಸೂರ್ಯ’ ಎಂದು ಬರೆಯುವಾಗ ನಮ್ಮ ಕೈ ಮೊದಲು ಯ ಬರೆದು ಆಮೇಲೆ ಅರ್ಕಾವತ್ತು ಹಾಕುತ್ತದೆ. ಬಾಯಿ ಮಾತ್ರ ಮೊದಲು ರಕಾರವನ್ನೇ ಉಚ್ಚರಿಸುತ್ತದೆ. ಯಂತ್ರ ಯಾರ ಮಾತು ಕೇಳುತ್ತದೆ? ಬಾಯಿಯದು. ಮೊದಲು ರ, ಆಮೇಲೆ ಕೊಂಡಿ, ಆಮೇಲೆ ಯ ಎಂದು ಒತ್ತಿದರೆ, ಅದು ತಾನೇ ತಿರುಗಿಸಿ ಕಣ್ಣಿಗೆ ಬೇಕಾದಂತೆ ತೋರಿಸುತ್ತದೆ. ಒಳಗೆ ಇರುವುದು ಅಕ್ಷರವಲ್ಲ, ಅಂಕಿ. 1991ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ ಕನ್ನಡಕ್ಕೆ 128 ಮನೆಗಳನ್ನು ಕಾದಿರಿಸಿದ್ದಾರೆ. ಅದರಲ್ಲಿ ಕ ಎಂದರೆ 3221, ಕೊಂಡಿ ಎಂದರೆ 3277, ಷ ಎಂದರೆ 3255; ಈ ಮೂರು ಸೇರಿ ಒಂದು ಕ್ಷ. ವ್ಯಾಕರಣದಲ್ಲಿ ಸಂಯುಕ್ತಾಕ್ಷರ ಎಂದು ಓದಿದ್ದೆನಲ್ಲ, ಅದು ಅಂದು ಬಿಡಿಸಿ ಕಂಡಿತು.

ಒಂದು ದಿನ ನಮ್ಮ ಗುಮಾಸ್ತರು ತಮ್ಮ ಕಚೇರಿಯ ಹಳೆಯ ಪತ್ರವೊಂದನ್ನು ಪೆನ್‌ಡ್ರೈವಿನಲ್ಲಿ ತಂದರು. ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಹುಗ್ಗಿ. “ಹೋಯ್ತಲ್ಲಮ್ಮ, ಎಲ್ಲ ಹಾಳಾಯ್ತು” ಎಂದು ಅವರ ಮುಖ ಬಾಡಿತು. ಹಾಳಾಗಿರಲಿಲ್ಲ. ಹಿಂದೆ ಇಂಗ್ಲಿಷ್ ಅಕ್ಷರಗಳ ಅಂಕಿಗಳಿಗೇ ಕನ್ನಡದ ಆಕಾರಗಳನ್ನು ತೊಡಿಸುತ್ತಿದ್ದರಂತೆ. ಆ ಫಾಂಟ್ ಇರುವ ಯಂತ್ರದಲ್ಲಿ ಅದು ಕನ್ನಡ. ಇಲ್ಲದ ಕಡೆ ವೇಷ ಕಳಚಿ ಇಂಗ್ಲಿಷು. ಮೇಡಂ ಒಂದು ಪರಿವರ್ತಕದಲ್ಲಿ ಹಾಕಿ ಪತ್ರವನ್ನು ಯೂನಿಕೋಡಿಗೆ ತಿರುಗಿಸಿಕೊಟ್ಟರು. ಗುಮಾಸ್ತರು ಮರುದಿನ ಎಲ್ಲರಿಗೂ ಮದ್ದೂರು ವಡೆ ತಂದರು.

ಇಷ್ಟೆಲ್ಲ ಬಾಗಿಲ ಹೊರಗಿನ ವಿನೋದ. ಇನ್ನು ತಂದೆಯವರ ಪುಸ್ತಕದ ವಿಚಾರ.

ನಾಲ್ಕನೆಯ ತಿಂಗಳಲ್ಲಿ ಲೆಕ್ಕದ ಹಾಳೆಯ ಪಾಠ, ಅಂದರೆ ಎಕ್ಸೆಲ್. ಈ ಬಗೆಯ ತಂತ್ರಾಂಶದಲ್ಲಿ ಮೊದಲು ಹೆಸರಾದದ್ದು 1979ರ ‘ವಿಸಿಕ್ಯಾಲ್ಕ್’. ಅದನ್ನು ಕಲ್ಪಿಸಿದ ಡ್ಯಾನ್ ಬ್ರಿಕ್ಲಿನ್ ಆಗ ಅಮೆರಿಕದ ಹಾರ್ವರ್ಡ್‌ನಲ್ಲಿ ವ್ಯಾಪಾರಶಾಸ್ತ್ರದ ವಿದ್ಯಾರ್ಥಿ. ಕಪ್ಪುಹಲಗೆಯ ಮೇಲೆ ಒಂದು ಅಂಕಿ ಬದಲಾದರೆ ಉಳಿದವನ್ನೆಲ್ಲ ಅಳಿಸಿ ಬರೆಯಬೇಕಾದ ಕಷ್ಟ ನೋಡಿ ಆತನಿಗೆ ಇದು ಹೊಳೆಯಿತಂತೆ. ಅಭ್ಯಾಸಕ್ಕೆ ಮೇಡಂ ಕೊಟ್ಟದ್ದು ಯಾವುದೋ ಕಂಪನಿಯ ಮಾರಾಟದ ಪಟ್ಟಿ. ನನಗೆ ಅದರಲ್ಲಿ ರುಚಿ ಹತ್ತಲಿಲ್ಲ. ಮನೆಯಿಂದ ತಂದೆಯವರ ಪುಸ್ತಕ ತಂದು, ಒಂದು ತಿಂಗಳ ಗೀಟುಗಳನ್ನು ಎಣಿಸಿ ಏರಿಸಿದೆ. ಲಾರಿಯಿಂದ ಇಳಿಸಿದ ಮೂಟೆಗೆ ಒಂದು ದರ, ಹತ್ತಿಸಿದ ಮೂಟೆಗೆ ಇನ್ನೊಂದು. ಕೊನೆಯಲ್ಲಿ ಮೊತ್ತ ಕೇಳಿದರೆ, ಮೇಸ್ತ್ರಿ ಕೊಟ್ಟ ಕೂಲಿಗೂ ಅದಕ್ಕೂ 640 ರೂಪಾಯಿ ವ್ಯತ್ಯಾಸ. ಮೂರು ಸಲ ಎಣಿಸಿದೆ. ಮೂರು ಸಲವೂ ಅದೇ.

ಅಂದು ರಾತ್ರಿ ಮುದ್ರಿಸಿದ ಹಾಳೆಯನ್ನು ತಂದೆಯವರ ಮುಂದೆ ಹಿಡಿದೆ. ಅವರು ನಾಲ್ಕನೆಯ ತರಗತಿಯವರೆಗೆ ಓದಿದವರು. ಅಂಕಿ ಓದುವುದರಲ್ಲಿ ನನಗಿಂತ ಚುರುಕು. ಬಹಳ ಹೊತ್ತು ನೋಡಿದರು.

“ಲೆಕ್ಕ ಸರಿಯಾಗೈತೆ ಕಣ್ ಮಗಾ. ಆದ್ರೆ ಇದನ್ನ ಹಿಡ್ಕೊಂಡು ನಾನೊಬ್ಬನೇ ಹೋಗಿ ನಿಂತ್ರೆ, ನಾಳೆಯಿಂದ ನಂಗೆ ಮೂಟೆ ಕೊಡೋರು ಯಾರು?”

ನನಗೆ ಸಿಟ್ಟು ಬಂದಿತು. ಅರ್ಥಶಾಸ್ತ್ರದ ಪುಸ್ತಕದಲ್ಲಿ ಕಾರ್ಮಿಕರ ಚೌಕಾಸಿ ಶಕ್ತಿ ಎಂದು ಒಂದು ಅಧ್ಯಾಯವೇ ಉಂಟು. ಅದನ್ನು ಹೇಳಲು ಬಾಯಿ ತೆರೆದು, ಅವರ ಹೆಗಲ ಮೇಲಿನ ಕಾಯಿ ಕಟ್ಟಿದ ಜಾಗ ನೋಡಿ ಸುಮ್ಮನಾದೆ. ಎರಡು ದಿನ ಆ ಹಾಳೆ ದೇವರ ಪಟದ ಹಿಂದೆ ಇತ್ತು. ಮೂರನೆಯ ದಿನ ಬೆಳಗಿನ ರೈಲಿಗೆ ಹೊರಡುವ ಮೊದಲು ಅವರೇ ಕೇಳಿದರು: “ಇದ್ರಾಗೆ ತಲೆಬರಹ ಎಲ್ಲಾ ಇಂಗ್ಲಿಷ್ನಾಗೈತೆ. ಕನ್ನಡದಾಗೆ ಹೊಡ್ಕೊಡೋಕಾಯ್ತದಾ? ನಮ್ ಜೊತೆಯವ್ರಿಗೂ ತೋರಿಸ್ಬೇಕು.”

ಸಂಜೆ ಕುಳಿತು ಕನ್ನಡದಲ್ಲಿ ಮಾಡಿದೆ: ದಿನಾಂಕ, ಮಂಡಿ, ಇಳಿಸಿದ ಮೂಟೆ, ಹತ್ತಿಸಿದ ಮೂಟೆ, ಸಲ್ಲಬೇಕಾದ ಕೂಲಿ, ಸಂದಾಯವಾದ ಕೂಲಿ, ಬಾಕಿ. ತಂದೆಯವರು ಓದಿ ನಕ್ಕರು. ‘ಸಲ್ಲಬೇಕಾದ ಕೂಲಿ’ ಹೊಡೆದುಹಾಕಿಸಿ ‘ದುಡಿದಿದ್ದು’ ಎಂದು ಹಾಕಿಸಿದರು. ‘ಸಂದಾಯವಾದ ಕೂಲಿ’ಗೆ ಬದಲು ‘ಬಂದಿದ್ದು’. ‘ಬಾಕಿ’ ಎಂಬ ಸಾಲನ್ನು ಪೂರ್ತಿ ತೆಗೆಯಲು ಹೇಳಿದರು. ಮುಖ್ಯವಾದದ್ದು ಅದೇ ಅಲ್ಲವೇ ಎಂದೆ. “ಅದನ್ನ ನೀನ್ಯಾಕೆ ಬರೀತೀಯಾ? ಓದೋರು ಕಳ್ಕೊತಾರೆ ಬುಡು” ಎಂದರು. ಮೂರು ವರ್ಷ ಕನ್ನಡ ಐಚ್ಛಿಕ ಓದಿದ ನನ್ನ ಭಾಷೆಯನ್ನು ಇಷ್ಟು ಚೆನ್ನಾಗಿ ತಿದ್ದಿದವರು ಬೇರೆ ಇಲ್ಲ. (ಕನ್ನಡ ವಿಭಾಗದ ಗುರುಗಳು ಕ್ಷಮಿಸಬೇಕು.)

ಆ ಹಾಳೆ ಯಾರ್ಡಿನಲ್ಲಿ ಊಟದ ಹೊತ್ತಿಗೆ ಕೈಯಿಂದ ಕೈಗೆ ಹೋಯಿತು. ಮೇಸ್ತ್ರಿಯ ಕೈಗೆ ಯಾರೂ ಕೊಡಲಿಲ್ಲ. ಆದರೂ ಅದು ಅವನ ಕಣ್ಣಿಗೆ ಬಿದ್ದಿತು. 640 ರೂಪಾಯಿ ಈವರೆಗೂ ಬಂದಿಲ್ಲ, ಬರುವ ಭರವಸೆಯೂ ನನಗಿಲ್ಲ. ಆದರೆ ಈಗ ಸಂಜೆ ಕೂಲಿ ಬಟವಾಡೆಗೆ ಮೊದಲು ಮೇಸ್ತ್ರಿಯೇ ಬಂದು “ಇವತ್ತು ನಿಮ್ ಪುಸ್ತಕದಾಗೆ ಎಷ್ಟೈತೆ?” ಎಂದು ಕೇಳುತ್ತಾನಂತೆ. ಆಮೇಲಿನ ಎರಡು ತಿಂಗಳ ಹಾಳೆಗಳಲ್ಲಿ ದುಡಿದಿದ್ದಕ್ಕೂ ಬಂದಿದ್ದಕ್ಕೂ ಅಂತರ ಮೂವತ್ತು ನಲವತ್ತು ರೂಪಾಯಿಗೆ ಇಳಿದಿದೆ.

ತರಬೇತಿ ಮುಗಿದು ಪ್ರಮಾಣಪತ್ರ ಬಂದಿದೆ. ಅದನ್ನು ತೋರಿಸಿ ಡೇಟಾ ಎಂಟ್ರಿ ಕೆಲಸಕ್ಕೆ ಸೇರಬಹುದೆಂದು ಐ.ಟಿ.ಐ. ಮಿತ್ರ ಹೇಳುತ್ತಾನೆ, ಎಂ.ಎ.ಗೆ ಹೋಗೆಂದು ನಮ್ಮ ಉಪನ್ಯಾಸಕರು ಹೇಳುತ್ತಾರೆ. ತಾಯಿ ಮಾತ್ರ, ತಾನು ಒರೆಸುವ ಯಂತ್ರಗಳ ಮುಂದೆ ಕೂರುವವರು ಏನು ಓದಿರುತ್ತಾರೆಂದು ನನ್ನನ್ನೇ ಕೇಳುತ್ತಾರೆ. ನಾನಿನ್ನೂ ನಿರ್ಧರಿಸಿಲ್ಲ. ಭಾನುವಾರಗಳಂತೂ ಬಿಡುವಿಲ್ಲ. ತಂದೆಯವರ ಜೊತೆಯವರು ಒಬ್ಬೊಬ್ಬರಾಗಿ ತಮ್ಮ ಗೀಟಿನ ಪುಸ್ತಕಗಳನ್ನು ಕಳಿಸಿಕೊಡುತ್ತಿದ್ದಾರೆ. ಮೇಡಂ ತರಬೇತಿ ಕೇಂದ್ರದ ಒಂದು ಯಂತ್ರವನ್ನು ಬೆಳಿಗ್ಗೆ ಎರಡು ಗಂಟೆ ನನಗೆ ಬಿಟ್ಟುಕೊಟ್ಟಿದ್ದಾರೆ. ಈಗ ಒಟ್ಟು ಏಳು ಪುಸ್ತಕಗಳಾಗಿವೆ. ಎಂಟನೆಯವರು ಹೋದ ವಾರ ಕೇಳಿಸಿದ್ದರು. ಅಂತಿಮ ಪರೀಕ್ಷೆ ಕಳೆಯಲಿ, ಅಲ್ಲಿಯವರೆಗೆ ಗೀಟು ಹಾಕುವುದನ್ನು ಮಾತ್ರ ಬಿಡಬೇಡಿ ಎಂದು ಹೇಳಿ ಕಳಿಸಿದ್ದೇನೆ.