ಗೀರು ಬಿದ್ದಿದ್ದು ವೀಲ್‌ಗೆ, ಏಟು ಬಿದ್ದಿದ್ದು ಟೈರ್‌ಗೆ

ನಮ್ಮ ಚಾಮರಾಜನಗರ, ಗುಂಡ್ಲುಪೇಟೆ ಕಡೆ ಹೆಣ್ಣೈಕ್ಳು ಕಾರು ಓಡ್ಸೋದು ಈಗೇನು ಹೊಸದಲ್ಲ. ಸ್ಕೂಲ್ ಮೇಡಮ್ಮುಗಳು, ನರ್ಸುಗಳು, ಬ್ಯಾಂಕಿಗೆ ಹೋಗೋರು, ಎಲ್ರೂ ಓಡಿಸ್ತಾರೆ. ಆದ್ರೆ ಒಂದು ಮಾತು ಮಾತ್ರ ಇನ್ನೂ ಹಳೇದೇ ಅದೆ. ಗಂಡಸ್ರು ಕಾರನ್ನ ಕಲ್ಲಿಗೆ ತಗಲ್ಸಿದ್ರೆ ‘ಥೂ, ಏನ್ ರೋಡೋ ಇದು’ ಅಂತಾರೆ. ಹೆಂಗಸ್ರು ತಗಲ್ಸಿದ್ರೆ ‘ಓಡ್ಸೋಕೆ ಬರಲ್ಲ’ ಅಂತಾರೆ. ಈ ಮಾತಿನ ಗಲಾಟೆಲಿ ನಿಜವಾಗಿ ನೋಡ್ಬೇಕಾದ್ದನ್ನ ಯಾರೂ ನೋಡಲ್ಲ. ಅದ್ಕೇ ಇವತ್ತು ಅಡಿಗೆ ಮನೆ ವಿಷ್ಯ ಬುಟ್ಟು ಕಾರಿನ ಚಕ್ರದ ವಿಷ್ಯ ಬರೀತಾ ಇವ್ನಿ.

ನಮ್ಮ ತಂಗಿ ಮಗಳು ಗುಂಡ್ಲುಪೇಟೆಲಿ ಟೀಚರು. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಕಾರು ತಕ್ಕೊಂಡ್ಳು. ಶೋಕಿಗಲ್ಲ. ನಮ್ಮ ತಂಗಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿ, ತಿಂಗಳಿಗೊಂದ್ಸಲ ಮೈಸೂರಿಗೆ ಹೋಗಿ ಕಣ್ಣಿಗೆ ಸೂಜಿ ಹಾಕಿಸ್ಬೇಕು. ಗುಂಡ್ಲುಪೇಟೆಯಿಂದ ಬೇಗೂರು, ನಂಜನಗೂಡು ದಾಟಿ ಮೈಸೂರಿಗೆ ಹತ್ತತ್ರ 60 ಕಿಲೋಮೀಟರು. ಕಣ್ಣಿಗೆ ಪಟ್ಟಿ ಕಟ್ಕೊಂಡ ಅವ್ವನ್ನ ಬಸ್ಸಲ್ಲಿ ನಿಲ್ಲಿಸ್ಕೊಂಡು ಬರೋಕಾಗಲ್ಲ ಅಂತವ ಅವ್ಳೇ ಕಾರು ಕಲ್ತ್ಕೊಂಡ್ಳು.

ಹೋದ ವೈಶಾಖದಲ್ಲಿ ಚಾಮರಾಜನಗರದಲ್ಲಿ ನೆಂಟರ ಮದುವೆ. ಛತ್ರದ ಮುಂದೆ ಎದುರಿಗೆ ಟೆಂಪೋ ಬಂತು. ಜಾಗ ಕೊಡೋಕೆ ಅಂತ ಇವ್ಳು ಎಡಕ್ಕೆ ತಿರುಗಿಸಿದ್ಳು. ಫುಟ್‌ಪಾತ್ ಅಂಚಿನ ಕಲ್ಲಿಗೆ ಎಡಗಡೆ ಮುಂದಿನ ಚಕ್ರ ಕರ್ ಅಂತ ಉಜ್ಕೊಂಡೋಯ್ತು. ಇಳಿದು ನೋಡಿದ್ರೆ ಅಲಾಯ್ ವೀಲ್ ಅಂಚಿಗೆ ಒಂದು ಗೇಣು ಉದ್ದ ಬೆಳ್ಳಗೆ ತರಚಿತ್ತು. ಐದು ನಿಮಿಷದಲ್ಲಿ ಅರ್ಧ ಮದುವೆ ಅಲ್ಲಿ ಸೇರ್ಕೊಂಡ್ತು. ‘ಹೆಣ್ಣೈಕ್ಳ ಕೈಗೆ ಗಾಡಿ ಕೊಟ್ರೆ ಇಂಗೇಯ’ ಅಂದ್ರು ಒಬ್ರು ಮಾವ. ‘ಇದ್ಕ ಹತ್ತು ಸಾವ್ರ ಆಯ್ತದ ನೋಡ್ಕೊ’ ಅಂದ್ರು ಇನ್ನೊಬ್ರು. ಮೂರು ಜನ ಆ ಗೀರಿನ ಫೋಟೋ ತಗುದ್ರು. ಕೂಸಿನ ಮೊಕ ಬಾಡೋಯ್ತು. ‘ದೊಡ್ಡವ್ವ, ನಾನು ಇನ್ಮೇಲೆ ಓಡ್ಸಲ್ಲ, ಡ್ರೈವರ್ ಇಟ್ಕೊತೀನಿ’ ಅಂದ್ಳು. ತಿಂಗಳಿಗೊಂದ್ಸಲ ಡ್ರೈವರ್‌ಗೆ ಕೊಡೋಕೆ ಅವ್ಳ ತಾವ ಎಲ್ಲಿಂದ ಬತ್ತದೆ?

ಮಾರನೆ ದಿನ ಊರಿಗೆ ಒಂಟಾಗ ಗಾಳಿ ನೋಡ್ಸಣ ಅಂತ ಪಂಕ್ಚರ್ ಅಂಗಡಿ ತಾವ ನಿಲ್ಸುದ್ವಿ. ಅಂಗಡಿಯವ್ರು ವಯಸ್ಸಾದೋರು. ಗೀರನ್ನ ಒಂದ್ಸಲ ನೋಡಿ ಸುಮ್ನಾದ್ರು. ಆಮೇಲೆ ಟೈರಿನ ಪಕ್ಕಕ್ಕೆ ಅಂಗೈ ಮಡಗಿ ಸುತ್ತ ಸವರಿದ್ರು. ‘ಗೀರು ಇರ್ಲಿ ಬುಡವ್ವ. ಇಲ್ಲಿ ಕೈ ಮಡಗಿ ನೋಡು’ ಅಂದ್ರು. ನಿಂಬೆಹಣ್ಣು ಅರ್ಧ ಮಾಡಿ ಮಡಗಿದಂಗೆ ಒಂದು ಗುಬುಟು ಎದ್ದಿತ್ತು. ಫೋಟೋ ತಗುದೋರು ಯಾರೂ ಅದನ್ನ ಕಂಡಿರ್ನಿಲ್ಲ.

ಆ ಗುಬುಟು ಅಂದ್ರೆ ಏನು ಅಂತ ಅವ್ರು ಇಂಗೆ ಹೇಳಿದ್ರು. ಟೈರು ಬರೀ ರಬ್ಬರಲ್ಲ. ಒಳಗೆ ಸೀರೆ ನೇಯ್ಗೆ ತರ ದಾರದ ಪದರ ಇರ್ತದೆ. ಗಾಳಿಯ ಒತ್ತಡ ತಡೆಯೋದು ಆ ದಾರಗಳೇ. ಚಕ್ರ ಕಲ್ಲಿಗೆ ಬಡಿದಾಗ ಟೈರಿನ ಪಕ್ಕ ಕಲ್ಲಿಗೂ ರಿಮ್ಮಿಗೂ ಮಧ್ಯೆ ಸಿಕ್ಕಾಕೊಂಡು ದಾರ ತುಂಡಾಯ್ತವೆ. ಮೇಲಿನ ರಬ್ಬರು ಹರಿದಿರಲ್ಲ. ಆದ್ರೆ ಆ ಜಾಗದಲ್ಲಿ ಗಾಳಿನ ಹಿಡಿಯೋಕೆ ಏನೂ ಇಲ್ದೆ ಊದ್ಕೊತದೆ. ಇದಕ್ಕೆ ಪಂಕ್ಚರ್ ಹಾಕೋಕಾಗಲ್ಲ, ಪ್ಯಾಚ್ ಹಾಕೋಕೂ ಆಗಲ್ಲ. ಜೋರಾಗಿ ಹೋಗುವಾಗ, ಬಿಸಿಲಲ್ಲಿ ಕಾದಾಗ, ಯಾವಾಗ ಬೇಕಾದ್ರೂ ಒಡೀತದೆ. ಮುಂದಿನ ಚಕ್ರ ಒಡೆದ್ರೆ ಸ್ಟೇರಿಂಗ್ ಕೈಗೆ ಸಿಕ್ಕಲ್ಲ. ಇದೇ ಟೈರಲ್ಲಿ ಆ ವಾರ ಅವ್ವನ್ನ ಕೂರ್ಸ್ಕೊಂಡು ಮೈಸೂರು ರೋಡಲ್ಲಿ ಹೋಗೋದಿತ್ತು. ನೆನೆಸ್ಕೊಂಡ್ರೆ ಈಗ್ಲೂ ಎದೆ ಝಲ್ ಅಂತದೆ.

ಅಲ್ಲೇ ಸ್ಟೆಪ್ನಿ ಹಾಕಿಸ್ಕೊಂಡು ನಿಧಾನಕ್ಕೆ ಗುಂಡ್ಲುಪೇಟೆ ಸೇರ್ಕೊಂಡ್ವಿ. ಕೂಸು ಆ ತಿಂಗಳ ದುಡ್ಡಲ್ಲಿ ಹೊಸ ಟೈರು ಹಾಕಿಸಿದ್ಳು, ವೀಲಿನ ಗೀರನ್ನ ಅಂಗೇ ಬುಟ್ಳು. ‘ದುಡ್ಡು ಮೊದ್ಲು ಜೀವಕ್ಕೆ, ಆಮೇಲೆ ಅಂದಕ್ಕೆ’ ಅಂತ ನಾನೂ ಹೇಳ್ದೆ.

ಆಮೇಲಿಂದ ನಾನು ಮೆಕ್ಯಾನಿಕ್‌ಗಳ ಕೂಟೆ ಕೇಳಿ ಕೇಳಿ ತಿಳ್ಕೊಂಡಿದ್ದನ್ನ ನಿಮ್ಗೂ ಹೇಳ್ತೀನಿ.

ಅಲಾಯ್ ವೀಲ್ ಅಂದ್ರೆ ನಮ್ಮ ಸಿಲ್ವರ್ ಪಾತ್ರೆ ಜಾತಿದೇ, ಅಲ್ಯೂಮಿನಿಯಂ. ಗಟ್ಟಿ ಆಗ್ಲಿ ಅಂತ ಸ್ವಲ್ಪ ಸಿಲಿಕಾನು, ಮೆಗ್ನೀಸಿಯಂ ಸೇರ್ಸಿ ಎರಕ ಹುಯ್ದಿರ್ತಾರೆ. ಹಳೇ ಕಬ್ಬಿಣದ ಚಕ್ರ ಬಾಣಲಿ ಇದ್ದಂಗೆ, ನೆಗ್ಗಿದ್ರೆ ಬಡಿದು ಸರಿ ಮಾಡ್ಬೋದು. ಅಲಾಯ್ ವೀಲು ಬೀಡಿನ ದೋಸೆ ಹೆಂಚಿದ್ದಂಗೆ, ಜೋರಾಗಿ ಏಟು ಬಿದ್ರೆ ಸೀಳು ಬುಟ್ಕೊತದೆ. ಅದರ ಮೇಲೆ ಪ್ರೈಮರು, ಬಣ್ಣ, ಕೊನೇಲಿ ಮಿಂಚೋ ಲ್ಯಾಕರ್ ಅಂತ ಮೂರು ಪದರ ಇರ್ತದೆ. ಗೀರು ಬಿದ್ರೆ ಲ್ಯಾಕರ್ ಹರಿದು ನೀರು ಒಳಕ್ಕೆ ಇಳೀತದೆ. ಕಬ್ಬಿಣದಂಗೆ ಕೆಂಪು ತುಕ್ಕು ಬರಲ್ಲ, ಬೂಷ್ಟು ಹಿಡಿದಂಗೆ ಬೆಳ್ಳಗೆ ಆಯ್ತದೆ. ಅದಕ್ಕೆ ವರ್ಷಗಟ್ಲೆ ಬುಡಬಾರದು, ಆದ್ರೆ ಅವತ್ತೇ ಓಡ್ಬೇಕಾಗೂ ಇಲ್ಲ.

ಚಕ್ರ ಕಲ್ಲಿಗೆ ತಗಲಿದ್ರೆ ಮೊದ್ಲು ಟೈರಿನ ಪಕ್ಕ ಸವರಿ ನೋಡಿ. ಗುಬುಟು, ಕೊಯ್ತ ಏನಾರ ಇದ್ರೆ ಟೈರು ಬದಲಾಯಿಸಿ. ಚಕ್ರದ ಒಳಮೈಗೂ ಏಟು ಬಿದ್ದಿರ್ಬೋದು, ಅದು ಹೊರಗಿಂದ ಕಾಣಲ್ಲ, ಬಿಚ್ಚಿಸಿ ನೋಡ್ಸಿ. ಎರಡು ದಿನ ಗಾಳಿ ಗಮನಿಸಿ. ಇಳೀತಾ ಇದ್ರೆ ಟೈರು ರಿಮ್ಮಿಗೆ ಕೂರೋ ಅಂಚಿಗೆ ಸೋಪು ನೀರು ಹಾಕಿ, ಗುಳ್ಳೆ ಬಂದ್ರೆ ಅಲ್ಲಿಂದ ಗಾಳಿ ಹೋಗ್ತಾ ಅದೆ ಅಂತ. 70, 80 ಸ್ಪೀಡಲ್ಲಿ ಸ್ಟೇರಿಂಗ್ ನಡುಗಿದ್ರೆ ರಿಮ್ಮು ಸೊಟ್ಟಗಾಗಿರ್ಬೋದು. ನೇರ ರೋಡಲ್ಲಿ ಒಂದು ಕಡೆಗೆ ಎಳೆದ್ರೆ ಅಲೈನ್‌ಮೆಂಟ್ ನೋಡ್ಸಿ. ಸೀಳು ಬಿಟ್ಟಿದ್ರೆ ವೆಲ್ಡಿಂಗ್ ಮಾಡ್ತೀವಿ ಅನ್ನೋರ ಮಾತು ಕೇಳ್ಬೇಡಿ, ವೀಲೇ ಬದಲಾಯಿಸಿ. ನಮ್ಮ ಕಡೆಯೋರು ಊಟಿ, ಬಂಡೀಪುರ, ದಿಂಬಂ ಘಾಟಿ ಅಂತ ಓಡಾಡೋರು. ದಿಂಬಂನಲ್ಲಿ 27 ತಿರುವು, ಮಸಿನಗುಡಿ ಮೇಲಿಂದ ಊಟಿಗೆ 36 ತಿರುವು. ಅಂಥ ಜಾಗಕ್ಕೆ ಅನುಮಾನದ ಚಕ್ರ ತಕ್ಕೊಂಡು ಹೋಗಬಾರ್ದು.

ಇದ್ಯಾವ್ದೂ ಇಲ್ದೆ ಬರೀ ಗೀರಾದ್ರೆ ಮನೇಲೇ ಮಾಡ್ಬೋದು. ನಾವು ದಸರಾ ರಜದಲ್ಲಿ ಮಾಡುದ್ವಿ. ಚಕ್ರನ ಸೋಪು ನೀರಲ್ಲಿ ತೊಳೆದು ಒಣಗಿಸ್ಬೇಕು. ಪಾತ್ರೆ ಉಜ್ಜೋ ಸ್ಟೀಲ್ ನಾರು, ಹುಣಸೆಹಣ್ಣು, ಟಾಯ್ಲೆಟ್ ತೊಳೆಯೋ ಆಸಿಡ್ಡು ಯಾವ್ದೂ ಮುಟ್ಟಿಸ್ಬೇಡಿ, ಇರೋ ಲ್ಯಾಕರೂ ಹೋಯ್ತದೆ. ಟೈರಿಗೂ ರಿಮ್ಮಿಗೂ ಮಧ್ಯೆ ಹಳೇ ಲಗ್ನಪತ್ರಿಕೆ ತುಂಡು ಮಾಡಿ ಸಿಗಿಸಿ, ಮಿಕ್ಕಿದ್ದಕ್ಕೆ ಪೇಪರು ಮುಚ್ಚಿ. ಒಳಗಿನ ಬ್ರೇಕಿಗೆ ಬಣ್ಣ ತಾಗಬಾರ್ದು. 240 ನಂಬರ್ ಸ್ಯಾಂಡ್ ಪೇಪರಲ್ಲಿ ಒರಟು ಹೋಗೋಗಂಟ ತಿಕ್ಕಿ, ಆಮೇಲೆ 400, ಆಮೇಲೆ 800ರಲ್ಲಿ ನೀರು ಹಾಕ್ಕೊಂಡು ತಿಕ್ಕಿ. ಗುಳಿ ಇದ್ರೆ ಪುಟ್ಟಿ ತುಂಬಿ ಒಣಗಿಸಿ ಸಮ ಮಾಡಿ. ಪ್ರೈಮರು, ವೀಲ್ ಸಿಲ್ವರ್, ಲ್ಯಾಕರ್ ಮೂರನ್ನೂ ತೆಳ್ಳಗೆ ಎರಡೆರಡು ಸಲ ಸ್ಪ್ರೇ ಮಾಡಿ, ಒಂದೊಂದಕ್ಕೂ ಮಧ್ಯೆ ಒಣಗೋಕೆ ಬುಡಿ. ಒಂದೇ ಸಲ ದಪ್ಪಕ್ಕೆ ಹೊಡೆದ್ರೆ ಗೊಣ್ಣೆ ಸುರಿದಂಗೆ ಇಳೀತದೆ. ನಮ್ದು ಹೊಸದರಂಗೆ ಆಗ್ನಿಲ್ಲ, ಆದ್ರೆ ನಾಕು ಮಾರು ದೂರದಿಂದ ಗೊತ್ತಾಗಲ್ಲ.

ಕನ್ನಡಿ ತರ ಹೊಳೆಯೋ ಡೈಮಂಡ್ ಕಟ್ ವೀಲಿಗೆ ಮಾತ್ರ ಈ ಮನೆವೈದ್ಯ ಬೇಡ. ಅದನ್ನ ಲೇತ್ ಮಿಷಿನಲ್ಲಿ ಕೊರೆದು ಮಾಡಿರ್ತಾರೆ, ಮತ್ತೆ ಅಂಗೇ ಆಗ್ಬೇಕಂದ್ರೆ ಲೇತಿಗೇ ಹೋಗ್ಬೇಕು. ಪ್ರತಿಸಲವೂ ಲೋಹ ಸವೆಯೋದ್ರಿಂದ ಮೇಲಿಂದ ಮೇಲೆ ಮಾಡ್ಸೋಕಾಗಲ್ಲ. ಇನ್ಶೂರೆನ್ಸ್ ಕ್ಲೇಮ್ ಮಾಡೋಕೆ ಮುಂಚೆ ಲೆಕ್ಕ ಹಾಕಿ. ಕ್ಲೇಮ್ ಮಾಡ್ದೆ ಇದ್ರೆ ಮೊದಲ ವರ್ಷ ಶೇ. 20ರಿಂದ ಶುರುವಾಗಿ, ಐದು ವರ್ಷಕ್ಕೆ ಶೇ. 50ರಗಂಟ ಸ್ವಂತ ಡ್ಯಾಮೇಜಿನ ಪ್ರೀಮಿಯಂಲಿ ರಿಯಾಯ್ತಿ ಸಿಗ್ತದೆ. ಒಂದು ಗೀರಿಗೋಸ್ಕರ ಅದನ್ನ ಕಳ್ಕೊಳೋದು ನಷ್ಟ.

ಎಡಗಡೆ ಚಕ್ರನೇ ಜಾಸ್ತಿ ಯಾಕೆ ತರಚ್ತದೆ ಅಂದ್ರೆ, ನಾವು ಕೂರೋದು ಬಲಕ್ಕೆ, ಕಲ್ಲು ಇರೋದು ಎಡಕ್ಕೆ. ಇದು ಗಂಡಸ್ರಿಗೂ ಅಷ್ಟೇ. ನಿಲ್ಸುವಾಗ ಎಡಗಡೆ ಕನ್ನಡಿನ ಹಿಂದಿನ ಚಕ್ರ ಕಾಣೋಗಂಟ ಕೆಳಕ್ಕೆ ಬಗ್ಗಿಸ್ಕೊಳಿ. ತಿರುವಲ್ಲಿ ಹಿಂದಿನ ಚಕ್ರ ಮುಂದಿನ ಜಾಡಲ್ಲಿ ಬರಲ್ಲ, ಒಳಕ್ಕೆ ಸರೀತದೆ, ಅದ್ಕೆ ಜಾಗ ಬುಡಿ.

ನಮ್ಮ ಕೂಸು ಈಗ್ಲೂ ಅವ್ವನ್ನ ಕರ್ಕೊಂಡು ಮೈಸೂರಿಗೆ ಹೋಗಿ ಬತ್ತಾಳೆ. ಒಂಟೋಕೆ ಮುಂಚೆ ನಾಕು ಟೈರಿಗೂ ಅಂಗೈ ಸವರ್ತಾಳೆ. ನಿಮ್ಮನೇಲಿ ಕಾರಿದ್ರೆ ಇವತ್ತು ಸಂಜೆ ನೀವೂ ಸವರಿ ನೋಡಿ. ಟೈರಿನ ಪಕ್ಕ ನಾಕು ಅಂಕಿ ಇರ್ತದೆ, 2319 ಅಂತಿದ್ರೆ 2019ರ 23ನೇ ವಾರದಲ್ಲಿ ಮಾಡಿದ್ದು ಅಂತ. ಅದನ್ನೂ ಓದ್ಕೊಳಿ, ಸ್ಟೆಪ್ನಿದೂ ಓದ್ಕೊಳಿ. ಗುಬುಟು ಕೈಗೆ ಸಿಕ್ಕಿದ್ರೆ ಮಾತ್ರ ನಾಳೆ ನೋಡಣ ಅನ್ಬೇಡಿ.