ಕಲಾಸಿಪಾಳ್ಯವೂ ಜನನಪತ್ರದ ಭಾಷಾಂತರವೂ

ಬೆಂಗಳೂರಿನ ಹಳೆಯ ಕೋಟೆಯ ನೆರೆಯಲ್ಲಿ, ಟಿಪ್ಪು ಸುಲ್ತಾನನು ೧೭೯೧ರಲ್ಲಿ ಮುಗಿಸಿದ ಅರಮನೆಗೂ ಕೃಷ್ಣರಾಜೇಂದ್ರ ಮಾರುಕಟ್ಟೆಗೂ ಸಮೀಪದಲ್ಲಿ, ಕಲಾಸಿಪಾಳ್ಯವೆಂಬ ಪೇಟೆಯಿರುವುದು. ಇದು ಜನರು ನೋಟಕ್ಕಾಗಿ ಬರುವ ಸ್ಥಳವಲ್ಲ. ಊರು ಬಿಡುವವರೂ ಊರಿಗೆ ಬಂದಿಳಿಯುವವರೂ ಹಾದುಹೋಗುವ ಸ್ಥಳ. ಬಸ್ಸು ಲಾರಿಗಳ ಗದ್ದಲದ ನಡುವೆ ದಾರಿ ಮಾಡಿಕೊಂಡು ಹೋಗುವಾಗ ನಾವು ಪಾರ್ಸಲ್ ಆಫೀಸುಗಳ ಮುಂದೆ ಸ್ವಲ್ಪ ನಿಲ್ಲುವುದುಂಟು. ಅಲ್ಲಿಯ ಗುಮಾಸ್ತನು ಗಂಟಿನ ಮೇಲಿರುವ ವಿಳಾಸವನ್ನು ಅಕ್ಷರ ತಪ್ಪದಂತೆ ರಸೀದಿಗೆ ಇಳಿಸುವನು. ತಾನು ಬಲ್ಲೆನೆಂದು ಊರಿನ ಹೆಸರನ್ನು ತಿದ್ದಿದನೋ, ಗಂಟು ಮತ್ತೊಂದೂರಿನ ಪಾಲು.

ಈ ಪೇಟೆಯ ಮಗ್ಗುಲಲ್ಲಿಯೇ ೧೯೦೦ರಲ್ಲಿ ತೆರೆದ ವಿಕ್ಟೋರಿಯಾ ಆಸ್ಪತ್ರೆಯೂ ೧೯೩೫ರಲ್ಲಿ ಆರಂಭವಾದ ವಾಣಿವಿಲಾಸ ಆಸ್ಪತ್ರೆಯೂ ಇರುವುವು. ಎಷ್ಟೋ ಸಂಸಾರಗಳ ಹಿರಿಯರು ಹುಟ್ಟಿದ್ದು ವಾಣಿವಿಲಾಸದ ಹೆರಿಗೆಯ ಕೋಣೆಗಳಲ್ಲಿ. ಅವರ ಮಕ್ಕಳು ಮೊಮ್ಮಕ್ಕಳಲ್ಲಿ ಕೆಲವರು ಈಗ ದೂರದೇಶಗಳ ಪ್ರಜೆಗಳಾಗಿರುವರು. ಅಜ್ಜನಿಗೆ ಹುಟ್ಟೂರಿನ ನೆನಪಿದ್ದರೆ ಸಾಕು. ಮೊಮ್ಮಗಳಿಗೆ ಅದರ ಕಾಗದ ಬೇಕು.

ಇಟಲಿಯಿಂದ ಅಮೆರಿಕಕ್ಕೆ ವಲಸೆಹೋದವರ ಸಂತತಿಯವರು ತಾತ ಮುತ್ತಾತಂದಿರ ಜನನ, ವಿವಾಹ, ಮರಣಗಳ ಪತ್ರಗಳನ್ನು ಕೂಡಿಸಿ, ತಮ್ಮ ದೇಶದ ಪತ್ರಗಳನ್ನು ಇಟಲಿಯ ಭಾಷೆಗೆ ತಿರುಗಿಸಿ, ಆ ದೇಶದ ಪೌರತ್ವವನ್ನು ಬೇಡುವ ಪದ್ಧತಿಯುಂಟು. ೨೦೨೫ರ ಕಾನೂನು ಆ ಹಕ್ಕನ್ನು ಸಾಮಾನ್ಯವಾಗಿ ಎರಡು ತಲೆಮಾರಿಗೆ ಬಿಗಿಮಾಡಿತು. ಪೂರ್ಣ ಪೌರತ್ವವಲ್ಲದಿದ್ದರೂ ಇದಕ್ಕೆ ಹೋಲುವ ಏರ್ಪಾಡು ನಮ್ಮಲ್ಲಿಯೂ ೨೦೦೫ರಿಂದ ಇದೆ. ಓಸಿಐ ಎಂದು ಎಲ್ಲರೂ ಕರೆಯುವ ಆ ನೋಂದಣಿಯಿಂದ ಮತದ ಹಕ್ಕು ಬಾರದು. ಆದರೆ ತಾಯ್ನಾಡಿಗೆ ಜೀವಮಾನವೆಲ್ಲ ಬಂದುಹೋಗುವ ಅನುಮತಿ ದೊರೆಯುವುದು. ಭಾರತದ ಪ್ರಜೆಯಾಗಿದ್ದವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಅದನ್ನು ಕೇಳಬಹುದು. ಸಂಬಂಧವನ್ನು ಮಾತ್ರ ಕಾಗದದಿಂದ ತೋರಿಸಬೇಕು.

ತೊಡಕು ಇರುವುದು ಇಲ್ಲಿಯೇ. ಈಗಿನ ಜನನಪತ್ರಗಳಲ್ಲಿ ಕನ್ನಡ ಇಂಗ್ಲಿಷುಗಳೆರಡೂ ಇರುವುವು; ಹಳೆಯವು ಅನೇಕವು ಕೈಬರಹದ ಕನ್ನಡದವು. ಅಲ್ಲಿ ೬ ಮತ್ತು ೯ ಒಂದರಂತೊಂದು ಕಾಣುವುವು. ಕ್ಷಕಾರವನ್ನು ಇಂಗ್ಲಿಷಿನಲ್ಲಿ ಒಬ್ಬರು ಮೂರು ಅಕ್ಷರಗಳಿಂದ ಬರೆದರೆ, ಇನ್ನೊಬ್ಬರು 'ಎಕ್ಸ್' ಒಂದರಿಂದಲೇ ಮುಗಿಸುವರು. ಕಲಾಸಿಪಾಳ್ಯವೇ ಇಂಗ್ಲಿಷಿಗೆ ಹೋದಾಗ ಹಲವೆಡೆ ಕಲಾಸಿಪಾಳ್ಯಂ ಆಗುವುದು. ೨೦೧೪ರ ನವೆಂಬರ್ ೧ರಿಂದ ಬೆಂಗಳೂರಿನ ಇಂಗ್ಲಿಷ್ ಹೆಸರೂ ಬದಲಾಯಿತು. ಹೆಸರಿಡುವ ಮೊದಲೇ ನೋಂದಾಯಿಸಿದ ಕೂಸಿನ ಪತ್ರದಲ್ಲಿ ಹೆಸರಿನ ಸ್ಥಳವೇ ಬರಿದಾಗಿರುವುದುಂಟು.

ತಾಯಿಯ ಹೆಸರು ಜನನಪತ್ರದಲ್ಲಿ ಲಕ್ಷ್ಮಮ್ಮ, ಶಾಲೆಯ ಪತ್ರದಲ್ಲಿ ಲಕ್ಷ್ಮೀದೇವಮ್ಮ ಎಂದಿದೆಯೆನ್ನೋಣ. ಇಬ್ಬರೂ ಒಬ್ಬರೇ ಎಂದು ಮನೆಯವರು ಬಲ್ಲರು. ಆದುದರಿಂದ ಭಾಷಾಂತರಕಾರನು ಎರಡನ್ನೂ ಒಂದೇ ಮಾಡಿಬಿಟ್ಟರೆ ಉಪಕಾರವೆಂದು ತೋರೀತು. ಅದು ಉಪಕಾರವಲ್ಲ. ಮೂಲವನ್ನೂ ಭಾಷಾಂತರವನ್ನೂ ಎದುರಿಗಿಟ್ಟು ನೋಡುವ ಅಧಿಕಾರಿಗೆ ಆ ವ್ಯತ್ಯಾಸವೇ ಸಂದೇಹಕ್ಕೆ ಕಾರಣವಾಗುವುದು. ನಿಜವಾದ ಸಂಬಂಧವೂ ಸುಳ್ಳಿನಂತೆ ಕಾಣುವುದು.

೧೯೬೯ರ ಜನನ ಮರಣ ನೋಂದಣಿ ಕಾನೂನು ಈ ವಿಷಯದಲ್ಲಿ ಒಳ್ಳೆಯ ಪಾಠವನ್ನು ಹೇಳುವುದು. ದಾಖಲೆಯಲ್ಲಿ ತಪ್ಪಿದೆಯೆಂದು ರುಜುವಾತಾದರೆ, ನೋಂದಣಾಧಿಕಾರಿಯು ಮೂಲವನ್ನು ಅಳಿಸದೆ, ಅಂಚಿನಲ್ಲಿ ತಿದ್ದುಪಡಿಯನ್ನು ಬರೆದು, ಸಹಿ ಮತ್ತು ತಾರೀಖನ್ನು ಹಾಕತಕ್ಕದ್ದು. ಅಧಿಕಾರಿಯೇ ಅಳಿಸಲಾರದುದನ್ನು ಭಾಷಾಂತರಕಾರನು ಅಳಿಸಬಹುದೆ? ಇದ್ದುದನ್ನು ಇದ್ದಂತೆ ತಿರುಗಿಸಬೇಕು; ಬರಿದಾದುದನ್ನು ಬರಿದೆಂದು, ಮಸಿ ಹರಡಿದುದನ್ನು ಓದಲಾಗದೆಂದು ಬರೆಯಬೇಕು; ಮೊಹರಿನ ಮಾತನ್ನೂ ಬಿಡಬಾರದು. ಹೆಸರುಗಳ ಭೇದಕ್ಕೆ ಬೇರೆಯೇ ಪ್ರಮಾಣಪತ್ರವನ್ನು ಜೋಡಿಸಬೇಕು. ತಪ್ಪಿದ್ದರೆ ಮೊದಲು ನೋಂದಣಿ ಕಚೇರಿಯಲ್ಲಿ ತಿದ್ದಿಸಿ, ಅನಂತರ ಭಾಷಾಂತರಕ್ಕೆ ಕೊಡಬೇಕು. ಪತ್ರವನ್ನು ಇಟಲಿಯಂಥ ಪರದೇಶದ ಸರಕಾರಕ್ಕೆ ಒಪ್ಪಿಸುವುದಾದರೆ 'ಅಪೊಸ್ಟಿಲ್' ಎಂಬ ಮುದ್ರೆಯೂ ಬೇಕು. ೧೯೬೧ರ ಹೇಗ್ ಒಪ್ಪಂದದಿಂದ ಹುಟ್ಟಿದ ಈ ಪದ್ಧತಿಯು ಭಾರತಕ್ಕೆ ಅನ್ವಯಿಸಿದ್ದು ೨೦೦೫ರಲ್ಲಿ.

ಗೃಹಸ್ಥರಾದ ವಾಚಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಮನೆಯ ಟ್ರಂಕಿನಲ್ಲಿರುವ ಹಳೆಯ ಪತ್ರಗಳನ್ನು ಒಮ್ಮೆ ತೆಗೆದು ಓದಿರಿ. ಯಾವ ಹೆಸರು ಯಾರದು, ಯಾವ ಊರು ಎಲ್ಲಿಯದು ಎಂಬುದನ್ನು ಅಜ್ಜ ಅಜ್ಜಿಯರು ಇರುವಾಗಲೇ ಕೇಳಿ, ಬೇರೊಂದು ಹಾಳೆಯಲ್ಲಿ ಬರೆದಿಡಿರಿ. ಪತ್ರದ ಮೇಲೆ ಮಾತ್ರ ಒಂದು ಚುಕ್ಕೆಯನ್ನೂ ಇಡಬೇಡಿರಿ.